ರ‍್ಯಾಮ್ 3200ರದ್ದು, ಓಡುತ್ತಿರುವುದು 2400ರಲ್ಲಿ: ಎಲ್ಲಿಂದ ಹುಡುಕಬೇಕು?

ಕಂಪ್ಯೂಟರಿಗೆ ಹಾಕಿಸಿದ ರ‍್ಯಾಮಿನ (ಕೆಲಸದ ಹೊತ್ತಿನ ತಾತ್ಕಾಲಿಕ ಮೆಮೊರಿ) ಡಬ್ಬಿಯ ಮೇಲೆ ಸ್ಪೀಡು 3200 ಅಂತ ಬರೆದಿದೆ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆಗೆದು ನೋಡಿದರೆ 2400. ಕೆಲವರಿಗೆ 2133. ದುಡ್ಡು ಕೊಟ್ಟವರಿಗೆ ಹೊಟ್ಟೆ ಉರಿಯುವುದು ಸಹಜ. ಕಾರವಾರದವರಾಗಲಿ, ಶಿರಸಿಯವರಾಗಲಿ, ಬಾಯಿಗೆ ಬರುವ ಮೊದಲ ಮಾತು ಒಂದೇ: ಅಂಗಡಿಯವರು ಹಳೇ ಮಾಲು ಕೊಟ್ಟರು. ಎರಡನೆಯ ಮಾತು: ರ‍್ಯಾಮ್ ಕೆಟ್ಟಿದೆ, ಬೇರೆ ಹಾಕಿಸೋಣ. ಹೆಚ್ಚಿನ ಸಲ ಎರಡೂ ಸುಳ್ಳು.

ರ‍್ಯಾಮ್ ಯಾವ ಸ್ಪೀಡಿನಲ್ಲಿ ಓಡಬೇಕು ಅಂತ ರ‍್ಯಾಮ್ ಒಂದೇ ತೀರ್ಮಾನ ಮಾಡುವುದಿಲ್ಲ. ಪ್ರೊಸೆಸರ್ ಎಷ್ಟು ತಡೆದುಕೊಳ್ಳುತ್ತದೆ, ಮದರ್‌ಬೋರ್ಡ್ ಎಷ್ಟು ಬಿಡುತ್ತದೆ, ಪಕ್ಕದ ಸ್ಲಾಟಿನಲ್ಲಿ ಇನ್ನೊಂದು ಸ್ಟಿಕ್ (ರ‍್ಯಾಮಿನ ಪಟ್ಟಿ) ಯಾವುದಿದೆ, ಬಯೋಸ್‌ನಲ್ಲಿ (ಕಂಪ್ಯೂಟರ್ ಆನ್ ಆದ ಕೂಡಲೇ ಓಡುವ ಬೋರ್ಡಿನ ತಂತ್ರಾಂಶ) ಏನು ಸೆಟ್ಟಿಂಗ್ ಇದೆ, ಇಷ್ಟೂ ಸೇರಿ ಸ್ಪೀಡು ನಿಲ್ಲುತ್ತದೆ. ಇವುಗಳಲ್ಲಿ ಯಾವುದು ಕಡಿಮೆಯೋ ಎಲ್ಲವೂ ಅದಕ್ಕೇ ಇಳಿಯುತ್ತವೆ. ಅರಬೈಲ್ ಘಟ್ಟದಲ್ಲಿ ಮುಂದೆ ಲೋಡ್ ಲಾರಿ ಸಿಕ್ಕಿದರೆ ಹಿಂದಿನ ಕಾರು ಎಷ್ಟು ಹೊಸದಾದರೇನು, ಹಾಗೆ. ಹಾಗಾಗಿ ಸ್ಪೀಡ್ ಏರಿಸುವ ಮೊದಲು ಯಾರು ಅಡ್ಡ ನಿಂತಿದ್ದಾರೆ ಅಂತ ನೋಡಬೇಕು.

ಅದಕ್ಕೆ ಒಂದು ಪ್ರಶ್ನೆ ಸಾಕು. ಈ ಸ್ಪೀಡು ಮೊದಲ ದಿನದಿಂದಲೂ ಕಡಿಮೆಯೇ, ಅಥವಾ ಸರಿಯಾಗಿ ಓಡುತ್ತಿದ್ದದ್ದು ಈಚೆಗೆ ಇಳಿಯಿತೇ? ಮೊದಲ ದಿನದಿಂದ ಕಡಿಮೆ ಇದ್ದರೆ ಅದು ಮಿತಿ ಅಥವಾ ಸೆಟ್ಟಿಂಗ್. ನಡುವೆ ಇಳಿದಿದ್ದರೆ ಕಾರಣಗಳೇ ಬೇರೆ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ, ಅದರಲ್ಲೂ ಮಳೆಗಾಲದಲ್ಲಿ, ಎರಡನೆಯದು ಕಾಣಿಸಿದಾಗಲೂ ಮೊದಲನೆಯದರ ಔಷಧ ಕೊಡುವುದೇ ಜಾಸ್ತಿ. ಇಡೀ ಗೊಂದಲ ಇರುವುದು ಅಲ್ಲಿ.

ಅಂಕಿ ಸರಿಯಾಗಿ ಓದಿದ್ದೀರಾ?

“3200 ಹಾಕಿಸಿದ್ದು, 1600 ತೋರಿಸ್ತಿದೆ ಮಾರಾಯ್ರೇ” ಎನ್ನುವ ಫೋನು ಬಂದರೆ ಗಾಬರಿ ಬೇಡ. ಸಿಪಿಯು-ಝಡ್ ಎನ್ನುವ ಉಚಿತ ತಂತ್ರಾಂಶದ ಮೆಮೊರಿ ಪುಟದಲ್ಲಿ ಕಾಣುವುದು ನಿಜವಾದ ಕ್ಲಾಕ್. ಡಿಡಿಆರ್ ಅಂದರೆ ಪ್ರತಿ ಕ್ಲಾಕಿಗೆ ಎರಡು ಸಲ ಡೇಟಾ ಸಾಗುವ ರ‍್ಯಾಮ್. ಅಲ್ಲಿ 1600 ಮೆಗಾಹರ್ಟ್ಸ್ ಕಂಡರೆ ಡಬ್ಬಿಯ ಮೇಲಿನ 3200 ಸರಿಯಾಗಿಯೇ ಇದೆ. 1200 ಕಂಡರೆ 2400. 1066 ಕಂಡರೆ 2133. ಎರಡರಿಂದ ಗುಣಿಸಿ, ಆಮೇಲೆ ಬೇಕಾದರೆ ಸಿಟ್ಟು ಮಾಡಿ.

ಟಾಸ್ಕ್ ಮ್ಯಾನೇಜರ್ ಈ ಗುಣಾಕಾರವನ್ನು ತಾನೇ ಮಾಡಿ ತೋರಿಸುತ್ತದೆ. ಪರ್ಫಾರ್ಮೆನ್ಸ್ ಪುಟದಲ್ಲಿ ಮೆಮೊರಿ ಒತ್ತಿದರೆ ಸ್ಪೀಡ್ ಇರುತ್ತದೆ. ಕೆಳಗೆ ಎಷ್ಟು ಸ್ಲಾಟಿನಲ್ಲಿ ಎಷ್ಟು ತುಂಬಿದೆ ಅಂತಲೂ ಇರುತ್ತದೆ. ಹಳೆಯ ವಿಂಡೋಸ್‌ನಲ್ಲಿ ಅಂಕಿಯ ಮುಂದೆ ಮೆಗಾಹರ್ಟ್ಸ್ ಅಂತಿತ್ತು. ಹೊಸ ವಿಂಡೋಸ್ 11ರಲ್ಲಿ ಎಂಟಿ ಅಂತ ಬರುತ್ತದೆ, ಅಂದರೆ ಸೆಕೆಂಡಿಗೆ ಎಷ್ಟು ದಶಲಕ್ಷ ಸಲ ಡೇಟಾ ಸಾಗಿತು ಎನ್ನುವ ಲೆಕ್ಕ. ಅಂಕಿ ಅದೇ.

ಸ್ಟಿಕ್ಕರಿನಲ್ಲಿ 3200 ಅಂತ ಇಲ್ಲದೆ ಪಿಸಿ4-25600 ಅಂತ ಮಾತ್ರ ಇದ್ದರೆ ಎಂಟರಿಂದ ಭಾಗಿಸಿ. 25600 ಅಂದರೆ 3200. 21300 ಅಂದರೆ 2666. 19200 ಅಂದರೆ 2400. 17000 ಅಂದರೆ 2133. ಎಷ್ಟೋ ಸಲ ತಗಾದೆ ಇಲ್ಲಿಗೇ ಮುಗಿಯುತ್ತದೆ: 21300 ಎನ್ನುವ ದೊಡ್ಡ ಅಂಕಿ ನೋಡಿ 3200ಕ್ಕಿಂತ ಮೇಲಿನದು ಅಂತ ತಂದಿರುತ್ತಾರೆ.

ಮೊದಲ ದಿನದಿಂದಲೂ ಕಡಿಮೆಯೇ ಇದ್ದರೆ

ಪ್ರತಿ ಸ್ಟಿಕ್‌ನಲ್ಲೂ ಎಸ್‌ಪಿಡಿ ಎನ್ನುವ ಒಂದು ಚಿಕ್ಕ ಚಿಪ್ ಇರುತ್ತದೆ. ಕಂಪ್ಯೂಟರ್ ಆನ್ ಆದಾಗ ಬಯೋಸ್ ಮೊದಲು ಓದುವುದು ಇದನ್ನು. ಇದರಲ್ಲಿ ಎರಡು ಬಗೆಯ ಪಟ್ಟಿ ಇರಬಹುದು. ಒಂದು, ಜೆಡೆಕ್ ಎನ್ನುವ ಸಂಸ್ಥೆ ಎಲ್ಲ ಕಂಪನಿಗಳಿಗೂ ಗೊತ್ತು ಮಾಡಿದ ಸ್ಪೀಡು. ಡಿಡಿಆರ್4ಕ್ಕೆ (ಡಿಡಿಆರ್ ರ‍್ಯಾಮಿನ ನಾಲ್ಕನೇ ತಲೆಮಾರು) ಅದು 1600ರಿಂದ 3200ರವರೆಗೆ, 1.2 ವೋಲ್ಟಿನಲ್ಲಿ. ಇನ್ನೊಂದು ಎಕ್ಸ್‌ಎಂಪಿ, ರ‍್ಯಾಮ್ ತಯಾರಿಸಿದ ಕಂಪನಿ ತಾನೇ ಪರೀಕ್ಷೆ ಮಾಡಿ ಬರೆದ ಜಾಸ್ತಿ ಸ್ಪೀಡು. ಡಿಡಿಆರ್4ರಲ್ಲಿ ಇದಕ್ಕೆ ಸಾಮಾನ್ಯವಾಗಿ 1.35 ವೋಲ್ಟ್ ಬೇಕು.

ಬಯೋಸ್ ತಾನಾಗಿ ಹಿಡಿಯುವುದು ಮೊದಲಿನದನ್ನು ಮಾತ್ರ. ಹೀಟ್‌ಸಿಂಕ್ ಹಾಕಿದ, ಮಿನುಗುವ 3200 ರ‍್ಯಾಮಿನ ಜೆಡೆಕ್ ಪಟ್ಟಿ ಎಷ್ಟೋ ಸಲ 2133, 2400 ಅಥವಾ 2666ಕ್ಕೇ ಮುಗಿಯುತ್ತದೆ. ಡಬ್ಬಿಯ ಮೇಲಿನ 3200 ಎಕ್ಸ್‌ಎಂಪಿಯದು. ಯಾರಾದರೂ ಬಯೋಸ್‌ಗೆ ಹೋಗಿ ಅದನ್ನು ಆನ್ ಮಾಡುವವರೆಗೂ ಅದು ಮಲಗಿಯೇ ಇರುತ್ತದೆ. ಇದಕ್ಕೆ ವಿರುದ್ಧವಾಗಿ, ಹೀಟ್‌ಸಿಂಕ್ ಇಲ್ಲದ ಸಾದಾ ಹಸಿರು ಸ್ಟಿಕ್ಕೊಂದು ಜೆಡೆಕ್‌ನ 3200ರದ್ದೇ ಆಗಿದ್ದರೆ ಏನೂ ಮಾಡದೆ 3200ರಲ್ಲಿ ಓಡುತ್ತದೆ. ಚಂದ ನೋಡಿ ತಂದವರಿಗೆ ಇದು ಸ್ವಲ್ಪ ಬೇಜಾರಿನ ಸಂಗತಿ.

ನಿಮ್ಮದು ಯಾವ ಬಗೆ ಅಂತ ನೋಡಲು ಸಿಪಿಯು-ಝಡ್‌ನ ಎಸ್‌ಪಿಡಿ ಪುಟ ತೆಗೆಯಿರಿ. ಜೆಡೆಕ್ ಸಾಲುಗಳ ಪಕ್ಕ ಎಕ್ಸ್‌ಎಂಪಿ-3200 ಅಂತ ಒಂದು ಸಾಲು ಇದ್ದರೆ ಕೆಲಸ ಸುಲಭ. ರೀಸ್ಟಾರ್ಟ್ ಮಾಡಿ, ಡಿಲೀಟ್ ಅಥವಾ ಎಫ್2 ಒತ್ತಿ ಬಯೋಸ್‌ಗೆ ಹೋಗಿ. ಇಂಟೆಲ್ ಬೋರ್ಡಿನಲ್ಲಿ ಎಕ್ಸ್‌ಎಂಪಿ ಅಂತಲೇ ಇರುತ್ತದೆ. ಎಎಂಡಿ ಪ್ರೊಸೆಸರಿನ ಏಸಸ್ ಬೋರ್ಡಿನಲ್ಲಿ ಡಿಒಸಿಪಿ ಅಂತ, ಎಂಎಸ್‌ಐ ಬೋರ್ಡಿನಲ್ಲಿ ಎ-ಎಕ್ಸ್‌ಎಂಪಿ ಅಂತ ಇರುತ್ತದೆ. ಡಿಡಿಆರ್5ರ ಎಎಂಡಿ ಬೋರ್ಡುಗಳಲ್ಲಿ ಎಕ್ಸ್‌ಪೋ. ಅದನ್ನು ಆನ್ ಮಾಡಿ, ಎಫ್10 ಒತ್ತಿ ಸೇವ್ ಮಾಡಿ ಹೊರಬನ್ನಿ. ಟಾಸ್ಕ್ ಮ್ಯಾನೇಜರಿನಲ್ಲಿ 3200 ಬಂದರೆ ಮುಗಿಯಿತು. ಎಸ್‌ಪಿಡಿ ಪುಟದಲ್ಲಿ 3200 ಎಲ್ಲೂ ಇಲ್ಲ, ಸ್ಟಿಕ್ಕರಿನಲ್ಲಿ ಮಾತ್ರ ಇದೆ ಅಂತಾದರೆ ಆಗ ಅಂಗಡಿಯವರ ಹತ್ತಿರ ಕೇಳುವ ಹಕ್ಕು ನಿಮಗಿದೆ.

ಬಯೋಸ್‌ನಲ್ಲಿ ಆ ಆಯ್ಕೆಯೇ ಇಲ್ಲದಿದ್ದರೆ ಅಥವಾ ಆನ್ ಮಾಡಿದರೂ 2666ರಲ್ಲೇ ನಿಂತರೆ, ಅಡ್ಡ ನಿಂತದ್ದು ಬೋರ್ಡ್ ಅಥವಾ ಪ್ರೊಸೆಸರ್. ಇಂಟೆಲ್‌ನಲ್ಲಿ ಈ ಮಿತಿ ಬಲು ಕಟ್ಟುನಿಟ್ಟು. 6ನೇ ತಲೆಮಾರಿನ ಪ್ರೊಸೆಸರಿಗೆ ಡಿಡಿಆರ್4 ಮಿತಿ 2133. 7ನೆಯದಕ್ಕೆ 2400. 8 ಮತ್ತು 9ರಲ್ಲಿ ಐ3ಗೆ 2400, ಐ5ರಿಂದ ಮೇಲೆ 2666. 10ರಲ್ಲಿ ಐ3, ಐ5ಗೆ 2666, ಐ7 ಮತ್ತು ಐ9ಗೆ 2933. 12ನೇ ತಲೆಮಾರಿಗೆ ಡಿಡಿಆರ್4 ಆದರೆ 3200, ಡಿಡಿಆರ್5 ಆದರೆ 4800. ಇದನ್ನು ದಾಟಬೇಕಾದರೆ ಬೋರ್ಡಿನ ಚಿಪ್‌ಸೆಟ್ (ಬೋರ್ಡಿನ ಹೆಸರಿನಲ್ಲಿ ಝಡ್, ಬಿ, ಎಚ್ ಅಂತ ಕಾಣುವ ಮುಖ್ಯ ಚಿಪ್) ಬಿಡಬೇಕು. ಝಡ್ ಸರಣಿಯವು ಬಿಡುತ್ತವೆ. ಬಿ560, ಬಿ660 ಕೂಡ ಬಿಡುತ್ತವೆ. ಎಚ್310, ಎಚ್410, ಬಿ460, ಎಚ್510, ಎಚ್610 ಬಿಡುವುದಿಲ್ಲ. ಅಂದರೆ ಎಚ್410 ಬೋರ್ಡ್, 10ನೇ ತಲೆಮಾರಿನ ಐ3, ಅದಕ್ಕೆ 3200ರ ರ‍್ಯಾಮ್ ಹಾಕಿದರೆ 2666ರಲ್ಲೇ ಓಡುತ್ತದೆ. ಇದು ದೋಷವೇ ಅಲ್ಲ. ಬಯೋಸ್ ಅಪ್‌ಡೇಟ್ ಮಾಡಿದರೂ ಏರುವುದಿಲ್ಲ.

11ನೇ ತಲೆಮಾರಿನದು ಸ್ವಲ್ಪ ವಿಚಿತ್ರ. ಇಂಟೆಲ್ ಹೇಳುವ ಪ್ರಕಾರ 3200 ಮಿತಿ ಹೌದು, ಆದರೆ ಐ5ನಂಥವಕ್ಕೆ ಅದು ಗೇರ್ 2ರಲ್ಲಿ. ಅಂದರೆ ಪ್ರೊಸೆಸರಿನ ಒಳಗಿನ ಮೆಮೊರಿ ಕಂಟ್ರೋಲರ್ ರ‍್ಯಾಮಿನ ಅರ್ಧ ಸ್ಪೀಡಿನಲ್ಲಿ ಓಡುತ್ತದೆ. ಗೇರ್ 1ರಲ್ಲಿ ಅವಕ್ಕೆ ಮಿತಿ 2933. ಬೋರ್ಡು 2933 ತೋರಿಸಿದರೆ ಅದನ್ನು ಬಲವಂತವಾಗಿ 3200ಕ್ಕೆ ತಳ್ಳುವ ಅಗತ್ಯ ಇಲ್ಲ. ಗೇರ್ 1ರ 2933, ಗೇರ್ 2ರ 3200ಕ್ಕಿಂತ ಒಳ್ಳೆಯದು ಅಂತಲೇ ನನ್ನ ಅಭಿಪ್ರಾಯ.

ಹಳೆಯ ಎಚ್61 ಬೋರ್ಡುಗಳು ನಮ್ಮ ಕಡೆ ಇನ್ನೂ ಬೇಕಾದಷ್ಟು ಓಡುತ್ತಿವೆ. 2ನೇ ತಲೆಮಾರಿನ ಐ3 ಇರುವ ಅಂಥ ಕಂಪ್ಯೂಟರಿಗೆ ಡಿಡಿಆರ್3 1600 ಹಾಕಿ 1333 ಕಂಡರೆ ಅದೇ ಸರಿ. ಆ ಪ್ರೊಸೆಸರಿನ ಮಿತಿ ಅಷ್ಟೇ.

ಎಎಂಡಿ ಈ ವಿಷಯದಲ್ಲಿ ಉದಾರಿ. ರೈಜನ್ 3 3200ಜಿಗೆ ಅಧಿಕೃತ ಮಿತಿ 2933 ಇದ್ದರೂ ಎಕ್ಸ್‌ಎಂಪಿ ಹಾಕಿದರೆ ಸಾಮಾನ್ಯವಾಗಿ 3200 ಓಡುತ್ತದೆ. ಬಿ450, ಎ520ನಂಥ ಅಗ್ಗದ ಬೋರ್ಡುಗಳಲ್ಲೂ ಆ ಆಯ್ಕೆ ಇದೆ.

ಕಂಪನಿಯವರೇ ಜೋಡಿಸಿ ಕೊಡುವ ಆಫೀಸು ಡೆಸ್ಕ್‌ಟಾಪುಗಳದು ಬೇರೆ ಕಥೆ. ಬ್ಯಾಂಕು, ಸೊಸೈಟಿ, ಶಾಲೆಗಳಲ್ಲಿ ಇರುವುದು ಹೆಚ್ಚಾಗಿ ಇವೇ. ಬಯೋಸ್‌ನಲ್ಲಿ ಎಕ್ಸ್‌ಎಂಪಿಯ ಸುಳಿವೇ ಇರುವುದಿಲ್ಲ. ಇವಕ್ಕೆ ಮಿನುಗುವ ರ‍್ಯಾಮ್ ತಂದರೆ ದುಡ್ಡು ದಂಡ. 1.2 ವೋಲ್ಟಿನ, ಸಿಎಲ್22 ಅಂತ ಬರೆದ ಸಾದಾ 3200 ಕೇಳಿ ತನ್ನಿ.

ಇನ್ನು ಬೆರಕೆ. ಮೊದಲಿದ್ದ 2400ರ 4 ಜಿಬಿ ಜತೆಗೆ ಹೊಸ 3200ರ 8 ಜಿಬಿ ಹಾಕಿದರೆ ಎರಡೂ 2400ರಲ್ಲಿ ಓಡುತ್ತವೆ. ಒಂದಕ್ಕೊಂದು ಸ್ಪೀಡು ಅಂತ ಇಲ್ಲ. ನಾಲ್ಕೂ ಸ್ಲಾಟ್ ತುಂಬಿದರೂ ಇಳಿಯಬಹುದು. ಡಿಡಿಆರ್5ರಲ್ಲಂತೂ ಇದು ಜೋರು: ರೈಜನ್ 7000 ಸರಣಿಗೆ ಎಎಂಡಿ ಹೇಳುವುದು ಎರಡು ಸ್ಟಿಕ್ಕಿಗೆ 5200, ನಾಲ್ಕಕ್ಕೆ 3600. 32 ಜಿಬಿ ಬೇಕಿದ್ದರೆ 8ರ ನಾಲ್ಕು ತರುವ ಬದಲು 16ರ ಎರಡು ತನ್ನಿ. ನಾಲ್ಕು ಸ್ಲಾಟ್ ಇರುವ ಬೋರ್ಡಿನಲ್ಲಿ ಎರಡೇ ಸ್ಟಿಕ್ ಇದ್ದರೆ ಅವು ಪ್ರೊಸೆಸರ್ ಕಡೆಯಿಂದ ಎಣಿಸಿದರೆ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿನಲ್ಲಿ ಇರಬೇಕು. ಹೆಚ್ಚಿನ ಬೋರ್ಡುಗಳ ಕೈಪಿಡಿಯಲ್ಲಿ ಅವನ್ನು ಎ2, ಬಿ2 ಅಂತ ಗುರುತು ಮಾಡಿರುತ್ತಾರೆ.

ಸರಿ ಇತ್ತು, ಈಗ ಇಳಿದಿದೆ ಅಂತಾದರೆ

ಮಜಾ ಇರುವುದು ಇಲ್ಲಿ. ಬೇಸಿಗೆಯಲ್ಲಿ 3200ರಲ್ಲಿ ಓಡುತ್ತಿದ್ದ ಕಂಪ್ಯೂಟರ್ ಜೂನ್ ಹೊತ್ತಿಗೆ 2400 ತೋರಿಸುತ್ತದೆ. ಯಾರೂ ಬಯೋಸ್ ಮುಟ್ಟಿಲ್ಲ. ರ‍್ಯಾಮ್ ಬದಲಿಸಿಲ್ಲ. “ಮಳೆ ಶುರುವಾದ ಮೇಲೆ ಸ್ಲೋ ಆಗಿದೆ” ಅಂತ ಹೇಳುವವರನ್ನು ನೋಡಿ ನಗಬೇಡಿ. ಮಳೆಗೂ ಇದಕ್ಕೂ ನಿಜವಾಗಿಯೂ ಸಂಬಂಧ ಇದೆ. ಆದರೆ ಅವರು ಅಂದುಕೊಂಡ ಹಾಗೆ ಅಲ್ಲ.

ಮೊದಲು ಕರೆಂಟು. ಗಾಳಿ ಮಳೆಗೆ ಮರದ ಟೊಂಗೆ ತಂತಿಗೆ ತಾಗಿದರೆ ಕರೆಂಟು ಒಂದೇ ಸಲ ಹೋಗುವುದಿಲ್ಲ. ಹೋಗುತ್ತದೆ, ಬರುತ್ತದೆ, ಮತ್ತೆ ಹೋಗುತ್ತದೆ. ಕರೆಂಟ್ ಬಂದ ಕೂಡಲೇ ತಾನಾಗಿ ಆನ್ ಆಗುವಂತೆ ಸೆಟ್ ಮಾಡಿದ ಕಂಪ್ಯೂಟರ್ ಆಗ ಏನು ಮಾಡುತ್ತದೆ? ಆನ್ ಆಗುತ್ತದೆ, ರ‍್ಯಾಮ್ ಪರೀಕ್ಷೆ ಶುರು ಮಾಡುತ್ತದೆ, ಅಷ್ಟರಲ್ಲಿ ಕರೆಂಟು ಹೋಗುತ್ತದೆ. ಹೀಗೆ ಒಂದರ ಹಿಂದೆ ಒಂದು ನಡೆದರೆ ಬೋರ್ಡಿಗೆ ಕರೆಂಟಿನ ಕಥೆ ಗೊತ್ತಿಲ್ಲ. ಎಕ್ಸ್‌ಎಂಪಿಯಿಂದಲೇ ಬೂಟ್ ಆಗುತ್ತಿಲ್ಲ ಅಂತ ಅದು ತಿಳಿಯುತ್ತದೆ. ಬಚಾವಾಗಲು ಸುರಕ್ಷಿತ ಸ್ಪೀಡಿಗೆ ಇಳಿಯುತ್ತದೆ. ಕೆಲವು ಬೋರ್ಡುಗಳು ಪರದೆಯ ಮೇಲೆ ಓವರ್‌ಕ್ಲಾಕಿಂಗ್ (ಗೊತ್ತು ಮಾಡಿದ್ದಕ್ಕಿಂತ ಜಾಸ್ತಿ ಸ್ಪೀಡು) ಫೇಲಾಯಿತು ಅಂತ ಬರೆದು ಎಫ್1 ಒತ್ತಿ ಅನ್ನುತ್ತವೆ. ಕೆಲವು ಎಫ್2 ಒತ್ತಿದರೆ ಡಿಫಾಲ್ಟ್ ಹಾಕಿ ಮುಂದುವರಿಯುತ್ತೇನೆ ಅನ್ನುತ್ತವೆ. ಮನೆಯ ಮಕ್ಕಳು ಎಫ್2 ಒತ್ತಿ ಆಟ ಶುರು ಮಾಡಿರುತ್ತಾರೆ. ಎಕ್ಸ್‌ಎಂಪಿ ಹೋದದ್ದು ಯಾರಿಗೂ ಗೊತ್ತಾಗುವುದಿಲ್ಲ.

ಇದಕ್ಕೆ ಮದ್ದು ರ‍್ಯಾಮಿನಲ್ಲಿ ಇಲ್ಲ. ಬಯೋಸ್‌ನ ಪವರ್ ಸೆಟ್ಟಿಂಗಿನಲ್ಲಿ, ಕರೆಂಟ್ ಹೋಗಿ ಬಂದರೆ ಏನು ಮಾಡಬೇಕು ಎನ್ನುವ ಆಯ್ಕೆ ಇರುತ್ತದೆ. ರಿಸ್ಟೋರ್ ಆನ್ ಎಸಿ ಪವರ್ ಲಾಸ್ ಅಂತಲೋ, ಎಸಿ ಬ್ಯಾಕ್ ಅಂತಲೋ ಹೆಸರು. ಅದನ್ನು ಪವರ್ ಆಫ್ ಅಂತ ಇಡಿ. ಕರೆಂಟು ಹೋಗಿ ಬರುವುದು ನಿಂತ ಮೇಲೆ ನೀವೇ ಬಟನ್ ಒತ್ತಿದರೆ ಸಾಕು. ಆಮೇಲೆ ಎಕ್ಸ್‌ಎಂಪಿ ಮತ್ತೆ ಆನ್ ಮಾಡಿ. ಇದೊಂದೇ ಬದಲಾವಣೆಯಿಂದ ಮಳೆಗಾಲ ಪೂರ್ತಿ ಸುಧಾರಿಸುತ್ತದೆ.

ಯುಪಿಎಸ್ ಇದೆ, ನಮಗೆ ಆ ತೊಂದರೆ ಇಲ್ಲ ಅನ್ನುತ್ತೀರಾ? ಪರದೆಯಲ್ಲಿ ಮುಖ್ಯ ಕೆಲಸ ಏನೂ ಇಲ್ಲದಾಗ ಒಮ್ಮೆ ಗೋಡೆಯ ಸ್ವಿಚ್ ಆಫ್ ಮಾಡಿ ನೋಡಿ. ಯುಪಿಎಸ್ ಒಳಗಿನ ಬ್ಯಾಟರಿ ಸತ್ತಿದ್ದರೂ ಹಸಿರು ದೀಪ ಉರಿಯುತ್ತಲೇ ಇರಬಹುದು. ಮನೆಯ ಇನ್ವರ್ಟರಿನ ಮೇಲೆ ಕಂಪ್ಯೂಟರ್ ಓಡಿಸುವವರು ಇನ್ವರ್ಟರಿನ ಹಿಂದೆ ಅಥವಾ ಮುಂದೆ ನಾರ್ಮಲ್, ಯುಪಿಎಸ್ ಅಂತ ಎರಡು ಗುರುತಿನ ಸ್ವಿಚ್ ಇದೆಯೇ ಅಂತ ಹುಡುಕಿ. ನಾರ್ಮಲ್‌ನಲ್ಲಿದ್ದರೆ ಬ್ಯಾಟರಿಗೆ ಹೊರಳುವುದು ತಡ. ಫ್ಯಾನಿಗೆ ಗೊತ್ತಾಗುವುದಿಲ್ಲ, ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ. ಯುಪಿಎಸ್ ಕಡೆಗೆ ಹಾಕಿ.

ಎರಡನೆಯದು ಬೋರ್ಡಿನ ಬ್ಯಾಟರಿ. ಅಂಗಡಿಯಲ್ಲಿ ಸಿಮೋಸ್ ಬ್ಯಾಟರಿ ಅಂದರೆ ಕೊಡುತ್ತಾರೆ, ಸಿಆರ್2032 ಅಂತ ಅದರ ಮೇಲೆಯೇ ಬರೆದಿರುತ್ತದೆ. ನಾಣ್ಯದ ಆಕಾರ, 3 ವೋಲ್ಟ್. ಕಂಪ್ಯೂಟರ್ ಆಫ್ ಇದ್ದರೂ ಪ್ಲಗ್ಗಿನಲ್ಲಿ ಕರೆಂಟು ಇರುವವರೆಗೆ ಬೋರ್ಡಿಗೆ ಎಸ್‌ಎಂಪಿಎಸ್‌ನಿಂದ (ಕ್ಯಾಬಿನೆಟ್ಟಿನೊಳಗಿನ ಪವರ್ ಸಪ್ಲೈ) ಸ್ವಲ್ಪ ಕರೆಂಟು ಸಿಗುತ್ತಿರುತ್ತದೆ. ಹಾಗಾಗಿ ಬ್ಯಾಟರಿ ಸತ್ತಿದ್ದರೂ ತಿಂಗಳುಗಟ್ಟಲೆ ಗೊತ್ತಾಗುವುದಿಲ್ಲ. ಆದರೆ ನಮ್ಮಲ್ಲಿ ಗುಡುಗು ಶುರುವಾದರೆ ಪ್ಲಗ್ ಕೀಳುವುದು ಪ್ರತಿ ಮನೆಯ ರೂಢಿ. ಕೀಳಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಕಿತ್ತ ಕೂಡಲೇ ಸತ್ತ ಬ್ಯಾಟರಿಯ ಬಂಡವಾಳ ಬಯಲು. ಗಡಿಯಾರ ಹಿಂದಕ್ಕೆ ಹೋಗುತ್ತದೆ, ಬಯೋಸ್ ಡಿಫಾಲ್ಟಿಗೆ ಬರುತ್ತದೆ, ಜತೆಗೆ ಎಕ್ಸ್‌ಎಂಪಿಯೂ ಹೋಗುತ್ತದೆ.

ಕರೆಂಟಿನ ತೊಂದರೆಯೋ, ಬ್ಯಾಟರಿಯದೋ ಅಂತ ಬೇರೆ ಮಾಡುವುದು ಹೀಗೆ. ಪ್ಲಗ್ ಕಿತ್ತು ರಾತ್ರಿ ಬಿಡಿ. ಬೆಳಿಗ್ಗೆ ಆನ್ ಮಾಡಿ ನೇರ ಬಯೋಸ್‌ಗೆ ಹೋಗಿ ದಿನಾಂಕ ನೋಡಿ. ವಿಂಡೋಸ್‌ನಲ್ಲಿ ನೋಡಬೇಡಿ. ಇಂಟರ್ನೆಟ್ ಸಿಕ್ಕಿದ ಕೂಡಲೇ ವಿಂಡೋಸ್ ಗಡಿಯಾರವನ್ನು ಸರಿ ಮಾಡಿಬಿಡುತ್ತದೆ, ಸಾಕ್ಷಿ ಅಳಿಸಿ ಹೋಗುತ್ತದೆ. ದಿನಾಂಕ ತಪ್ಪಿದ್ದರೆ ಬ್ಯಾಟರಿ ಬದಲಿಸಿ. ದಿನಾಂಕ ಸರಿ ಇದ್ದು ಎಕ್ಸ್‌ಎಂಪಿ ಮಾತ್ರ ಹೋಗಿದ್ದರೆ ಬೂಟ್ ಫೇಲ್ ಆಗಿ ಬೋರ್ಡೇ ಇಳಿಸಿದೆ. ಕೆಲವು ಹೊಸ ಬೋರ್ಡುಗಳಲ್ಲಿ ಬ್ಯಾಟರಿ ಸತ್ತರೂ ಸೆಟ್ಟಿಂಗ್ ಉಳಿದು ಗಡಿಯಾರ ಮಾತ್ರ ಹೋಗುತ್ತದೆ, ಅದೂ ನೆನಪಿರಲಿ. ಮಲ್ಟಿಮೀಟರ್ ಇದ್ದರೆ ಅಳೆಯಿರಿ. ಹೊಸ ಸೆಲ್ 3ರ ಮೇಲೆಯೇ ತೋರಿಸುತ್ತದೆ, 2.7ಕ್ಕಿಂತ ಕೆಳಗೆ ಇಳಿದಿದ್ದರೆ ಸುಮ್ನೆ ಬದಲಿಸಿಬಿಡಿ. ಪ್ಲಸ್ ಗುರುತು ಮೇಲೆ ಬರಬೇಕು.

ಬಯೋಸ್ ಅಪ್‌ಡೇಟ್ ಆದ ಮೇಲೂ ಎಕ್ಸ್‌ಎಂಪಿ ಹೋಗುತ್ತದೆ. ಅದು ಮಾಮೂಲು, ಮತ್ತೆ ಆನ್ ಮಾಡಿ.

ಮೂರನೆಯದು ಗಾಳಿ ಮತ್ತು ಥಂಡಿ (ತೇವ). ಮಾಜಾಳಿಯಿಂದ ಭಟ್ಕಳದವರೆಗೆ ಸಮುದ್ರಕ್ಕೆ ಹತ್ತಿರ ಇರುವ ಮನೆಗಳಲ್ಲಿ ಕಿಟಕಿಯ ಕಬ್ಬಿಣದ ಸರಳು ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ಅದೇ ಗಾಳಿಯನ್ನು ಕ್ಯಾಬಿನೆಟ್ಟಿನ ಫ್ಯಾನು ದಿನವಿಡೀ ಒಳಗೆ ಎಳೆಯುತ್ತದೆ. ರ‍್ಯಾಮಿನ ಅಂಚಿಗೆ ಚಿನ್ನದ ಲೇಪ ಇರುತ್ತದೆ ನಿಜ, ಚಿನ್ನ ತುಕ್ಕು ಹಿಡಿಯುವುದಿಲ್ಲ. ಆದರೆ ಲೇಪ ಬಹಳ ತೆಳು. ಗೀರು ಬಿದ್ದಲ್ಲಿ, ಸವೆದಲ್ಲಿ ಕೆಳಗಿನ ನಿಕ್ಕಲ್, ತಾಮ್ರಕ್ಕೆ ಉಪ್ಪು ತಾಗುತ್ತದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಉಪ್ಪು ಇಲ್ಲ, ಆದರೆ ತಿಂಗಳುಗಟ್ಟಲೆ ಬಿಡದ ಥಂಡಿ ಇದೆ. ಅಡಿಕೆ ಬೇಯಿಸುವ ಹೊಗೆ ತಾಗುವ ಮನೆಗಳಲ್ಲಿ ಒಳಗಿನ ಧೂಳು ಅಂಟಂಟು.

ಇಲ್ಲಿ ಒಂದು ವಿಷಯ ಸ್ಪಷ್ಟ ಇರಲಿ. ಉಪ್ಪುಗಾಳಿ ಸ್ಪೀಡ್ ಇಳಿಸುವುದಿಲ್ಲ. ಸಂಪರ್ಕ ಹಾಳು ಮಾಡುತ್ತದೆ. ಸಂಪರ್ಕ ಹಾಳಾದರೆ ಜಾಸ್ತಿ ಸ್ಪೀಡಿನಲ್ಲಿ ರ‍್ಯಾಮ್ ಪರೀಕ್ಷೆ ಪಾಸಾಗುವುದಿಲ್ಲ, ಆಗ ಬೋರ್ಡು ಇಳಿಸುತ್ತದೆ. ಅದಕ್ಕೇ ಇದರ ಜತೆ ಬೇರೆ ಲಕ್ಷಣಗಳೂ ಇರುತ್ತವೆ: 16 ಜಿಬಿ ಇದ್ದದ್ದು ಒಮ್ಮೊಮ್ಮೆ 8 ಅಂತ ಕಾಣುವುದು, ಆನ್ ಮಾಡಿದರೆ ಬೀಪ್ ಹೊಡೆಯುವುದು, ಮೊದಲ ಸಲ ಪರದೆ ಬಾರದೆ ಎರಡನೆಯ ಸಲ ಬರುವುದು. ಇವು ಯಾವುವೂ ಇಲ್ಲದೆ ಸ್ಪೀಡು ಮಾತ್ರ ಇಳಿದಿದ್ದರೆ ರಬ್ಬರ್ ತೆಗೆದುಕೊಂಡು ಉಜ್ಜಲು ಹೋಗಬೇಡಿ. ಮೇಲಿನ ಎರಡನ್ನು ನೋಡಿ.

ಉಜ್ಜಲೇಬೇಕು ಅಂತಾದರೆ ಪ್ಲಗ್ ಕಿತ್ತು ಪವರ್ ಬಟನ್ ಕೆಲವು ಸೆಕೆಂಡು ಒತ್ತಿ ಹಿಡಿಯಿರಿ, ಉಳಿದ ಕರೆಂಟು ಹೋಗಲಿ. ಕ್ಯಾಬಿನೆಟ್ಟಿನ ಬಣ್ಣ ಇಲ್ಲದ ಲೋಹದ ಭಾಗ ಮುಟ್ಟಿ, ಆಮೇಲೆ ಸ್ಟಿಕ್ ತೆಗೆಯಿರಿ. ಮಕ್ಕಳ ಬಿಳಿ ಪೆನ್ಸಿಲ್ ರಬ್ಬರಿನಿಂದ ಚಿನ್ನದ ಪಟ್ಟಿಗಳ ಮೇಲೆ ಹಗುರಾಗಿ ಎಳೆಯಿರಿ. ಪುಡಿಯನ್ನು ಮೆತ್ತನೆಯ ಬ್ರಶ್ಶಿನಿಂದ ದೂರ ಕೊಡವಿ, ಸ್ಲಾಟಿನ ಮೇಲೆ ಬೀಳಬಾರದು. ಐಸೊಪ್ರೊಪೈಲ್ ಆಲ್ಕೊಹಾಲ್ ಸಿಕ್ಕರೆ ಎಳೆ ಬಿಡದ ಬಟ್ಟೆಗೆ ತಾಗಿಸಿ ಒರೆಸಿ, ಪೂರ್ತಿ ಒಣಗಲು ಬಿಡಿ. ಸ್ಲಾಟಿಗೆ ಬ್ಲೋವರ್ ಗಾಳಿ ಸಾಕು. ಮರಳುಕಾಗದ ಬೇಡ. ಸ್ಯಾನಿಟೈಸರ್ ಬೇಡ. ತೆಂಗಿನೆಣ್ಣೆಯನ್ನಂತೂ ಯಾರೂ ಹಾಕಬೇಡಿ, ಹಾಕಿದವರಿದ್ದಾರೆ. ವಾಪಸ್ ಕೂರಿಸುವಾಗ ಎರಡೂ ತುದಿಯಲ್ಲಿ ಟಕ್ ಅನ್ನಬೇಕು. ಒಂದೇ ಕಡೆ ಕ್ಲಿಪ್ ಇರುವ ಸ್ಲಾಟಿನಲ್ಲಿ ಕ್ಲಿಪ್ ಇಲ್ಲದ ತುದಿ ಅರ್ಧ ಕೂತಿರುವುದು ಬಹಳ ಸಾಮಾನ್ಯ. ಅಂದ ಹಾಗೆ, ಕ್ಯಾಬಿನೆಟ್ ತೆರೆದಾಗ ಒಳಗೆ ಹಲ್ಲಿ ಇದೆಯೇ ಅಂತಲೂ ನೋಡಿ. ಬೆಚ್ಚಗಿನ ಜಾಗ ಅಂತ ಮಳೆಗಾಲದಲ್ಲಿ ಅವಕ್ಕೆ ಬಲು ಇಷ್ಟ.

ಎಕ್ಸ್‌ಎಂಪಿ ಹಾಕಿದರೆ ಆನ್ ಆಗುವುದೇ ಇಲ್ಲ

ಡಿಡಿಆರ್5 ಆಗಿದ್ದರೆ ಮೊದಲು ಕಾಯಿರಿ. ಸೆಟ್ಟಿಂಗ್ ಬದಲಿಸಿದ ಮೇಲಿನ ಮೊದಲ ಬೂಟಿನಲ್ಲಿ ಬೋರ್ಡು ರ‍್ಯಾಮನ್ನು ಹೊಸದಾಗಿ ಪರೀಕ್ಷಿಸುತ್ತದೆ. ಪರದೆ ಕೆಲವು ನಿಮಿಷ ಕಪ್ಪಾಗಿಯೇ ಇರಬಹುದು. ಕೆಟ್ಟಿತು ಅಂತ ಸ್ವಿಚ್ ಆಫ್ ಮಾಡಿದರೆ ಮತ್ತೆ ಮೊದಲಿನಿಂದ. ಮಳೆಗಾಲದ ಸಂಜೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಕಾದರೂ ಬಾರದಿದ್ದರೆ ಬೋರ್ಡಿನ ಕೈಪಿಡಿ ನೋಡಿ ಸಿಮೋಸ್ ಕ್ಲಿಯರ್ ಮಾಡಿ, ಅಂದರೆ ಬಯೋಸ್ ಸೆಟ್ಟಿಂಗನ್ನು ಡಿಫಾಲ್ಟಿಗೆ ತನ್ನಿ. ಆಮೇಲೆ ಒಂದೇ ಸ್ಟಿಕ್ ಹಾಕಿ, ಎ2 ಸ್ಲಾಟಿನಲ್ಲಿ, ಎಕ್ಸ್‌ಎಂಪಿ ಆನ್ ಮಾಡಿ ನೋಡಿ. ಬಂದರೆ ಇನ್ನೊಂದು ಸ್ಟಿಕ್ ಅದೇ ಸ್ಲಾಟಿನಲ್ಲಿ. ಒಂದು ಸ್ಟಿಕ್ ಯಾವ ಸ್ಲಾಟಿನಲ್ಲಿ ಹಾಕಿದರೂ ಬಾರದಿದ್ದರೆ ಸ್ಟಿಕ್ಕಿನದೇ ದೋಷ. ಎರಡೂ ಸ್ಟಿಕ್ ಒಂದು ಸ್ಲಾಟಿನಲ್ಲಿ ಬಂದು ಇನ್ನೊಂದರಲ್ಲಿ ಬಾರದಿದ್ದರೆ ಸ್ಲಾಟ್, ಇಲ್ಲವೇ ಪ್ರೊಸೆಸರ್ ಸಾಕೆಟ್. ಸಾಕೆಟ್ಟಿನ ಒಂದು ಪಿನ್ ಬಾಗಿದರೂ, ಕೂಲರ್ ಒಂದು ಕಡೆ ಜಾಸ್ತಿ ಬಿಗಿಯಾದರೂ ಒಂದು ಚಾನಲ್ (ಪ್ರೊಸೆಸರಿನಿಂದ ರ‍್ಯಾಮಿಗೆ ಹೋಗುವ ದಾರಿ) ಕಾಣೆಯಾಗುತ್ತದೆ. ಕೂಲರ್ ತೆಗೆದು ಹಾಕಿದ ಮೇಲೆ ಶುರುವಾದ ತೊಂದರೆ ಆದರೆ ಅಲ್ಲಿಯೇ ನೋಡಿ.

ಬಿಡಿಯಾಗಿ ಎರಡೂ ಓಡುತ್ತವೆ, ಒಟ್ಟಿಗೆ ಓಡುವುದಿಲ್ಲ ಅಂತಾದರೆ ಬಯೋಸ್ ಅಪ್‌ಡೇಟ್ ಮಾಡಿ ನೋಡಬಹುದು. ರೈಜನ್ ಬೋರ್ಡುಗಳಲ್ಲಿ ಇದರಿಂದ ರ‍್ಯಾಮ್ ಹೊಂದಾಣಿಕೆ ಸುಧಾರಿಸಿದ್ದು ಬಹಳ. ಆದರೆ ಯುಪಿಎಸ್ ಇಲ್ಲದೆ ಬಯೋಸ್ ಅಪ್‌ಡೇಟ್ ಮಾಡಬೇಡಿ, ನಡುವೆ ಕರೆಂಟು ಹೋದರೆ ಬೋರ್ಡೇ ಏಳುವುದಿಲ್ಲ. ಅದೂ ಆಗದಿದ್ದರೆ ಎಕ್ಸ್‌ಎಂಪಿ ಹಾಕಿ ಸ್ಪೀಡನ್ನು ಮಾತ್ರ ಕೈಯಿಂದ 3000ಕ್ಕೋ 2933ಕ್ಕೋ ಇಳಿಸಿ. ವೋಲ್ಟೇಜು ಏರಿಸಿ 3200ನ್ನೇ ಹಿಡಿಯುವ ಹಟ ನನಗೆ ಹಿಡಿಸುವುದಿಲ್ಲ. ಮಳೆಗಾಲದಲ್ಲಿ ನಿಲ್ಲದ 3200ಕ್ಕಿಂತ ನಿಲ್ಲುವ 2933 ಲೇಸು.

ಆನ್ ಆಯಿತು ಅಂದರೆ ಪಾಸಾಯಿತು ಅಂತ ಅಲ್ಲ. ಮೆಮ್‌ಟೆಸ್ಟ್86 ಪ್ಲಸ್ ಉಚಿತ. ಪೆನ್‌ಡ್ರೈವಿಗೆ ಹಾಕಿ ಅದರಿಂದ ಬೂಟ್ ಮಾಡಿ ಕೆಲವು ಸುತ್ತು ಓಡಲು ಬಿಡಿ. ಒಂದೇ ಒಂದು ತಪ್ಪು ಕೆಂಪಾಗಿ ಕಂಡರೂ ಆ ಸ್ಪೀಡು ನಿಮ್ಮದಲ್ಲ. ಲೆಕ್ಕಪತ್ರದ ಕಂಪ್ಯೂಟರಿನಲ್ಲಿ ಇಂಥ ತಪ್ಪನ್ನು ಹಾಗೇ ಬಿಟ್ಟರೆ ಫೈಲ್ ಹಾಳಾಗಿ ಗೊತ್ತಾಗುತ್ತದೆ.

ಇಷ್ಟೆಲ್ಲ ಬೇಕಾ?

ಎಲ್ಲರಿಗೂ ಬೇಡ. ಸೊಸೈಟಿಯಲ್ಲಿ ಟ್ಯಾಲಿ, ನುಡಿ, ಬ್ರೌಸರ್ ಓಡಿಸುವವರಿಗೆ 2666 ಮತ್ತು 3200ರ ನಡುವಿನ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ. ಎಸ್‌ಎಸ್‌ಡಿ ಇಲ್ಲದ ಕಂಪ್ಯೂಟರಿನಲ್ಲಿ ರ‍್ಯಾಮಿನ ಸ್ಪೀಡ್ ಹುಡುಕುತ್ತ ಕೂರುವುದು ವ್ಯರ್ಥ. ಮೊದಲು ಎಸ್‌ಎಸ್‌ಡಿ ಹಾಕಿಸಿ. ಮದುವೆ ಆಲ್ಬಮ್ ಮಾಡುವ ಸ್ಟುಡಿಯೋದವರಿಗೆ ಸ್ಪೀಡಿಗಿಂತ ಎಷ್ಟು ಜಿಬಿ ಇದೆ ಎನ್ನುವುದು ಮುಖ್ಯ.

ನಿಜವಾಗಿ ಲಾಭ ಇರುವುದು ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದವರಿಗೆ. ರೈಜನ್ 5600ಜಿ ತರಹದ ಪ್ರೊಸೆಸರಿನಲ್ಲಿ ಗ್ರಾಫಿಕ್ಸ್ ಕೂಡ ಇದೇ ರ‍್ಯಾಮನ್ನು ಬಳಸುತ್ತದೆ. ಅಲ್ಲಿ ಆಟ ಆಡುವವರಿಗೆ ಸ್ಪೀಡು ನೇರ ಗೊತ್ತಾಗುತ್ತದೆ. ಆದರೂ ಅವರು ಕೂಡ ಮೊದಲು ನೋಡಬೇಕಾದ್ದು ಸ್ಟಿಕ್ಕುಗಳ ಲೆಕ್ಕ. 3200ರ ಒಂದೇ ಸ್ಟಿಕ್ ಸೆಕೆಂಡಿಗೆ ಹೆಚ್ಚೆಂದರೆ 25.6 ಜಿಬಿ ಸಾಗಿಸುತ್ತದೆ. 2400ರ ಎರಡು ಸ್ಟಿಕ್ ಸರಿಯಾದ ಸ್ಲಾಟಿನಲ್ಲಿ ಸೇರಿದರೆ 38.4. ಒಂದೇ 16ರ ಬದಲು 8ರ ಎರಡು ತನ್ನಿ ಅಂತ ಹೇಳುವುದು ಅದಕ್ಕೇ. ಡಬ್ಬಿಯ ಮೇಲಿನ ಅಂಕಿಗೆ ಜಗಳ ಮಾಡುವ ಎಷ್ಟೋ ಜನರ ಕಂಪ್ಯೂಟರಿನಲ್ಲಿ ಒಂದು ಸ್ಲಾಟ್ ಖಾಲಿ ಇರುತ್ತದೆ.

ಸ್ಟಿಕ್ಕಿನದೇ ದೋಷ ಅಂತ ಖಚಿತವಾದರೆ ವಾರಂಟಿಗೆ ಕೊಡಿ. ಹಲವು ಕಂಪನಿಗಳು ರ‍್ಯಾಮಿಗೆ ವರ್ಷಗಟ್ಟಲೆ ವಾರಂಟಿ ಕೊಡುತ್ತವೆ, ಬಿಲ್ಲಿಗಿಂತ ಸ್ಟಿಕ್ಕರಿನ ಮೇಲಿನ ಸೀರಿಯಲ್ ನಂಬರನ್ನೇ ಮೊದಲು ಕೇಳುತ್ತವೆ. ಉಜ್ಜುವಾಗ, ಹೀಟ್‌ಸಿಂಕ್ ಒರೆಸುವಾಗ ಆ ಸ್ಟಿಕ್ಕರ್ ಹರಿಯದಂತೆ ನೋಡಿಕೊಳ್ಳಿ. ಜೋಡಿಯಾಗಿ ಬಂದ ಕಿಟ್ ಆಗಿದ್ದರೆ ಒಂದೇ ಕೆಟ್ಟಿದ್ದರೂ ಎರಡನ್ನೂ ಕಳಿಸಿ. ಬದಲಿ ಬರುವವರೆಗೆ ಓಡಿಸಲು ಹಳೆಯ 4 ಜಿಬಿ ಇದ್ದರೆ ಹಾಕಿಕೊಳ್ಳಿ, 2133 ತೋರಿಸಿದರೂ ಚಿಂತೆ ಬೇಡ.